ಕಣ್ಣಿದ್ದವರ ಕನಕಗಿರಿ, ಕೈಯಿದ್ದವರ ಕಿನ್ನಾಳ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ನವಲಿ, ಗಂಗಾವತಿ ಕಡೆ ಹಿರಿಯರ ಬಾಯಲ್ಲಿ ಈ ಮಾತು ಇನ್ನೂ ಉಳಿದಿದೆ. ಹಂಪಿಯ ಹರವು ತಿರುಗಾಡಿ ಮುಗಿಯುವಂಥದ್ದಲ್ಲ. ಕನಕಗಿರಿಯ ಕನಕಾಚಲಪತಿ ಗುಡಿಯ ಕಂಬಗಳು, ಗಾರೆ ಗೊಂಬೆಗಳು, ಮರದ ಮೂರ್ತಿಗಳು ನಿಂತು ನೋಡಿಸಿಕೊಳ್ಳುವಂಥವು. ಹೊಗಳಿಕೆ ಸರಿಯೇ. ಆದರೆ ಕಾಲು ಸೋತವರು, ಕಣ್ಣು ಕಾಣದವರು ಎಲ್ಲಿಗೆ ಹೋಗಬೇಕು ಎಂದು ಗಾದೆ ಹೇಳುವುದಿಲ್ಲ. ನೂರಾರು ಜನ ಸೇರುವ ಜಾಗದಲ್ಲಿ ದೊಡ್ಡದಾಗಿ ನಿಲ್ಲುವ ಕಲೆ ಯಾರಿಗಾಗಿ ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಕಣ್ಣಿಗಷ್ಟೇ ಅಲ್ಲದೆ ಕಿವಿ, ಕೈಗಳಿಗೂ ಒದಗುವ ಕಲೆಯ ಚರಿತ್ರೆಯನ್ನು ಯುರೋಪಿನ ಮ್ಯೂಸಿಯಂಗಳಿಂದ ಶುರುಮಾಡುವುದು ವಾಡಿಕೆ. ನಮ್ಮ ಸೀಮೆಯಲ್ಲಿ ಅದು ಕಲ್ಲಿನ ಸದ್ದಿನಿಂದ ಶುರುವಾಗುತ್ತದೆ. ಬಳ್ಳಾರಿ ಹತ್ತಿರದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದವರು ಬಂಡೆಗಳ ಮೇಲೆ ದನ, ಮನುಷ್ಯರ ಆಕೃತಿಗಳನ್ನು ಕುಟ್ಟಿ ಮೂಡಿಸಿದರು. ಫಾಸೆಟ್ ಎಂಬ ಅಧಿಕಾರಿ 1892ರಲ್ಲೇ ಆ ಚಿತ್ರಗಳ ಬಗ್ಗೆ ಬರೆದಿದ್ದ. ಅಲ್ಲಿನ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ದನಿಗೊಡುತ್ತವೆ, ಬಡಿದು ಬಡಿದು ಅವುಗಳ ಮೇಲೆ ಗುಳಿ ಬಿದ್ದಿದೆ ಎಂಬುದನ್ನು ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರ ಲೇಖನವೊಂದರಲ್ಲಿ ವಿವರಿಸಿದರು. ಚಿತ್ರ ಮತ್ತು ಸದ್ದು ಒಂದೇ ಗುಡ್ಡದಲ್ಲಿ ಹುಟ್ಟಿದ್ದವು. ಚಿತ್ರಕ್ಕೆ ಕಣ್ಣಿಟ್ಟ ವಿದ್ವಾಂಸರು ಸದ್ದಿಗೆ ಕಿವಿಗೊಡಲು ಶತಮಾನ ದಾಟಬೇಕಾಯಿತು.

ಗಂಗಾವತಿ ಬಳಿಯ ಹಿರೇಬೆಣಕಲ್ ಇನ್ನೂ ಹತ್ತಿರದ್ದು. ಮೋರ್ಯರ ಗುಡ್ಡವೆಂದು ಊರವರು ಕರೆಯುವ ಆ ಬೆಟ್ಟದ ಮೇಲೆ ಬೃಹತ್ ಶಿಲಾ ಸಂಸ್ಕೃತಿಯ ನೂರಾರು ಕಲ್ಮನೆಗಳಿವೆ. ಅಲ್ಲಿಯೇ ಎತ್ತರದ ಬಂಡೆಯೊಂದರ ನೆತ್ತಿಯ ಮೇಲೆ ನಗಾರಿಯಾಕಾರದ ಒಂದು ಗುಂಡು ಕೂತಿದೆ. ಹೊಡೆದರೆ ಸದ್ದು ಬಹುದೂರ ಸಾಗುತ್ತದೆ. ಬೆಟ್ಟ ಹತ್ತಲಾಗದವರಿಗೂ ತಲುಪುವ ಭಾಗ ಅದೊಂದೇ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ 2021ರಲ್ಲಿ ಸೇರಿತು.

ವಿಜಯನಗರ ಕಾಲಕ್ಕೆ ಬಂದರೆ ಕಣ್ಣಿನಾಚೆಗೂ ತಲುಪುವ ಈ ಗುಣ ಇನ್ನಷ್ಟು ನುರಿತಿದೆ. ಹಂಪಿಯ ಮಹಾನವಮಿ ದಿಬ್ಬದ ಸುತ್ತ ಆನೆ, ಕುದುರೆ, ಕುಣಿಯುವವರು, ಬೇಟೆಗಾರರು ಸಾಲುಸಾಲಾಗಿ ಉಬ್ಬಿ ನಿಂತಿದ್ದಾರೆ. ಕೆಳಗಿನ ಸಾಲುಗಳು ಕೈಗೆಟುಕುವಂತಿವೆ. ವಿಠ್ಠಲ ಗುಡಿಯ ಸಪ್ತಸ್ವರದ ಕಂಬಗಳನ್ನು ತಟ್ಟಿದರೆ ಬೇರೆಬೇರೆ ನಾದ. ಕನಕಗಿರಿಯ ವೆಂಕಟಪ್ಪನ ಬಾವಿಯಲ್ಲಿ ಇಳಿಯುತ್ತಿದ್ದಂತೆ ಬಿಸಿಲು ಹಿಂದೆ ಉಳಿದು ತಂಪು ಮೈಗೆ ತಾಗುತ್ತದೆ. ಇವೆಲ್ಲ ಕಣ್ಣಿಗಷ್ಟೇ ಕಟ್ಟಿದ ಕೆಲಸಗಳಲ್ಲ. ಕೆಳಜಾತಿಯವರನ್ನು ಹೊರಗೇ ನಿಲ್ಲಿಸಿದ ಗುಡಿಗಳನ್ನು ಎಲ್ಲರಿಗೂ ತೆರೆದಿದ್ದವೆಂದು ಹಾಡಿಹೊಗಳುವುದು ಮಾತ್ರ ಸುಳ್ಳಾಗುತ್ತದೆ.

ಸ್ಮಾರಕವಾದ ಮೇಲೆ ಕಲ್ಲು ನೋಟದ ವಸ್ತುವಾಯಿತು. ಸಪ್ತಸ್ವರದ ಕಂಬಗಳನ್ನು ತಟ್ಟುವುದನ್ನು ನಿಲ್ಲಿಸಿದ್ದು ನ್ಯಾಯ. ಲಕ್ಷಾಂತರ ಬೆರಳುಗಳ ಪೆಟ್ಟಿಗೆ ಯಾವ ಶಿಲೆ ತಾಳೀತು? ಆದರೆ ಪಕ್ಕದಲ್ಲೊಂದು ನಕಲು ಕಂಬವನ್ನು ನಿಲ್ಲಿಸಿ, ಇದನ್ನು ತಟ್ಟಿ ಎಂದು ಹೇಳುವುದು ಅಷ್ಟೇನೂ ಕಷ್ಟವಲ್ಲ. ಜರ್ಮನಿಯ ಹಲವು ಊರುಗಳ ಚೌಕಗಳಲ್ಲಿ ಇಡೀ ಪಟ್ಟಣದ ಕಂಚಿನ ಮಾದರಿಗಳಿವೆ, ಬ್ರೈಲ್ ಬರಹದೊಂದಿಗೆ. ಇಟಲಿಯ ಅಂಕೋನಾದಲ್ಲಿ ಅಂಧ ದಂಪತಿ ಕಂಡ ಕನಸು 1993ರಲ್ಲಿ ಓಮೆರೋ ಸ್ಪರ್ಶ ಮ್ಯೂಸಿಯಂ ಆಯಿತು. ದೊಡ್ಡ ಶಿಲ್ಪಕ್ಕೆ ಇಂಥ ಕಿರುಮಾದರಿ ಅಲಂಕಾರವಲ್ಲ, ಅಗತ್ಯ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನ ಪಾದ ಮುಟ್ಟಿದವರಿಗೆ ಪಾದ ಗೊತ್ತಾಗುತ್ತದೆಯೇ ಹೊರತು ಗೊಮ್ಮಟ ಗೊತ್ತಾಗುವುದಿಲ್ಲ.

ಭಾರತದಲ್ಲಿ ಎಲ್ಲರಿಗೂ ಎಟುಕುವ ಕಲೆಯ ಮಾತು ಕಾನೂನಿನೊಳಗೆ ಬಂದದ್ದು ತಡವಾಗಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು, ಆಟಿಸಂ ಅನ್ನೂ ಸೇರಿಸಿತು. ಕಲೆ ಅಂಗವಿಕಲರಿಗೆ ಎಟುಕುವಂತಿರಬೇಕೆಂದು 29ನೇ ಕಲಮಿನಲ್ಲಿ ಹೇಳಿತು. ಬೆಂಗಳೂರಿನಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಮ್ಯೂಸಿಯಂ ಮುಟ್ಟಿ ತಿಳಿಯುವ ಪ್ರತಿಕೃತಿಗಳನ್ನು ಇರಿಸಿತು. ಕಿಲಿಕಿಲಿ ಸಂಸ್ಥೆ ಅದಕ್ಕೂ ಮೊದಲೇ ಕೋಲ್ಸ್ ಪಾರ್ಕಿನಂಥ ಕಡೆ ಎಲ್ಲ ಮಕ್ಕಳೂ ಕೂಡಿ ಆಡುವ ತಾಣಗಳನ್ನು ರೂಪಿಸಿತ್ತು. ನನಗೆ ಆ ಆಟದ ತಾಣಗಳೇ ಹೆಚ್ಚು ಪಾಠ ಕಲಿಸುವಂತೆ ಕಾಣುತ್ತವೆ, ಏಕೆಂದರೆ ಅಲ್ಲಿ ಅನುಭವ ನಾಲ್ಕು ಗೋಡೆಯೊಳಗಿಲ್ಲ. ಮೆಟ್ರೊ ನಿಲ್ದಾಣಗಳ, ಮೇಲ್ಸೇತುವೆಗಳ ಗೋಡೆಚಿತ್ರಗಳು ಹೆಚ್ಚಾಗಿ ಇನ್ನೂ ಕಣ್ಣಿಗೇ ಮೀಸಲು.

ನಮ್ಮ ಭಾಗದಲ್ಲಿ ಒಂದು ವಿಚಿತ್ರವಿದೆ. ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿ ಮತ್ತು ಪುಟ್ಟರಾಜ ಗವಾಯಿಗಳ ಆಸರೆಯಲ್ಲಿ ಎಷ್ಟೋ ಅಂಧ ಮಕ್ಕಳನ್ನು ಗಾಯಕರನ್ನಾಗಿ ಬೆಳೆಸಿತು. ಕಣ್ಣಿಲ್ಲದವರನ್ನು ಕಲಾವಿದರೆಂದು ಇಷ್ಟು ಗೌರವದಿಂದ ವೇದಿಕೆಗೆ ಕೂರಿಸಿದ ನಾಡು, ಅವರು ಶಿಲ್ಪವೊಂದರ ಮುಂದೆ ಬಂದಾಗ ಪಕ್ಕದವರ ವಿವರಣೆಯನ್ನೇ ಅವರ ಕೈಗೆ ಕೊಡುತ್ತದೆ.

ಇಂದ್ರಿಯಗಳ ಬೇಕುಗಳು ಒಂದಕ್ಕೊಂದು ಜಗಳವಾಡುವುದು ಈ ವಿಷಯದ ಅತಿ ಕಠಿಣ ಭಾಗ. ಡೊಳ್ಳಿನ ಪೆಟ್ಟು ಕಿವಿ ಕೇಳದವರ ಎದೆಗೂ ನೆಲದ ಮೂಲಕ ಪಾದಕ್ಕೂ ಮುಟ್ಟುತ್ತದೆ. ಅದೇ ಪೆಟ್ಟು ಆಟಿಸಂ ಇರುವ ಮಗುವಿಗೆ ಹಿಂಸೆಯಾಗಬಹುದು. ಹಂಪಿ ಉತ್ಸವ, ಕನಕಗಿರಿ ಉತ್ಸವಗಳ ರಾತ್ರಿಯಲ್ಲಿ ಬಣ್ಣದ ಬೆಳಕು, ಧ್ವನಿವರ್ಧಕಗಳು ಜೋರಾಗಿರುತ್ತವೆ. ಜೋರು ಕಡಿಮೆ ಮಾಡಿ ಎಂದರೆ ಉತ್ಸವವೇ ಕಳೆಗುಂದೀತು ಎಂದು ಹೇಳುವವರಿದ್ದಾರೆ, ಅದರಲ್ಲಿ ಅರ್ಧ ನಿಜವೂ ಇದೆ. ಎಲ್ಲೆಡೆ ಮೌನ ಬೇಡ. ಬೆಳಕು ಮಂದವಾದ ಒಂದು ಮೂಲೆ, ಸದ್ದಿಲ್ಲದ ಒಂದು ಹೊತ್ತು, ಎಲ್ಲಿ ಎಷ್ಟು ಗದ್ದಲವಿದೆಯೆಂದು ಮೊದಲೇ ತಿಳಿಸುವ ಒಂದು ನಕ್ಷೆ ಸಾಕು. ಹೊರದೇಶದ ರಂಗಮಂದಿರ, ಮ್ಯೂಸಿಯಂಗಳಲ್ಲಿ ಇದು ರೂಢಿಗೆ ಬಂದಿದೆ. ಕುರ್ಚಿ ಹಾಕುವವರ ಜೊತೆ ಕೂತು ಮಾಡಬಹುದಾದ ಕೆಲಸವಿದು.

ಇದನ್ನೆಲ್ಲ ಮೊದಲೇ ಯೋಚಿಸಿ ಕಟ್ಟುವ ಅವಕಾಶವೊಂದು ನಮ್ಮ ಮುಂದಿದೆ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಕಳೆದುಹೋದ ನೀರಿಗೆ ಪರ್ಯಾಯವಾಗಿ ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಬಹುಕಾಲದಿಂದ ಚರ್ಚೆಯಲ್ಲಿದೆ. ಕಟ್ಟಿದರೆ ಅದರ ಮುಂದೆ ಉದ್ಯಾನ ಬರುತ್ತದೆ, ಉದ್ಯಾನದಲ್ಲಿ ಮೂರ್ತಿಗಳು ಬರುತ್ತವೆ. ನಮ್ಮ ಅಣೆಕಟ್ಟುಗಳ ಪದ್ಧತಿ ಅದು. ಫೈಬರ್ ಗೊಂಬೆ ತರಿಸಿ ಕಂಬಿ ಹಾಕುವ ಬದಲು ಕೊಪ್ಪಳ ತಾಲ್ಲೂಕಿನ ಕಿನ್ನಾಳಕ್ಕೆ ಹೋಗಬಹುದು. ಅಲ್ಲಿನ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆಬೀಜದ ಅಂಟು, ಮರದ ಹೊಟ್ಟು, ಸೆಣಬಿನ ಚಿಂದಿ ಕಲಸಿದ ಕಿಟ್ಟ ಹಚ್ಚಿ, ಕಲ್ಲುಪುಡಿಯ ಲೇಪದಿಂದ ಒಡವೆ, ಸೀರೆಯಂಚುಗಳನ್ನು ಉಬ್ಬಿಸುತ್ತಾರೆ. ಬಣ್ಣ ಬಳಿಯುವ ಮೊದಲೇ ಆ ಗೊಂಬೆಯ ಅರ್ಧ ಚೆಲುವು ಬೆರಳಿಗೆ ಸಿಗುತ್ತದೆ. ಬಿಸಿಲು ಮಳೆಗೆ ಮರ ತಾಳದು ನಿಜ. ಆ ಉಬ್ಬನ್ನೇ ಲೋಹದಲ್ಲಿ, ಕಲ್ಲಿನಲ್ಲಿ ಇಳಿಸುವುದು ಹೇಗೆಂದು ಯೋಜನೆ ಬರೆಯುವ ಎಂಜಿನಿಯರು ಚಿತ್ರಗಾರರನ್ನೂ, ಮುಟ್ಟಿ ನೋಡುವವರನ್ನೂ ಮೊದಲೇ ಕೂರಿಸಿ ಕೇಳಬೇಕು, ಉದ್ಘಾಟನೆಯ ಹಿಂದಿನ ವಾರವಲ್ಲ.