ಕಂದಾಯದಿಂದ ಜಿ.ಎಸ್.ಟಿ.ವರೆಗೆ: ನಮ್ಮ ಊರು ಕಟ್ಟಿದ ತೆರಿಗೆಗಳು

ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ತೆರಿಗೆಯ ಮಾತೇಕೆ ಎಂದು ಸದಸ್ಯ ಬಾಂಧವರಿಗೆ ಅನ್ನಿಸಬಹುದು. ಅದಕ್ಕೆ ಕಾರಣ ಇದೆ. ಒಂದು ದಿನ ಸಂಘದ ಮಳಿಗೆಯಲ್ಲಿ ಹೀಗೇ ಮಾತು ಬಂದಾಗ, ಸೋಪು, ಚಾಪುಡಿ ಕೊಳ್ಳಲು ಬಂದ ಕೂಲಿ ಕೆಲಸದ ಹೆಂಗಸೊಬ್ಬರು, "ತೆರಿಗೆ ಗಿರಿಗೆ ಎಲ್ಲ ತೋಟ ಇದ್ದೋರಿಗೆ. ನಮಗೆಂಥಾ ತೆರಿಗೆ ಮಾರಾಯ್ರೆ?" ಎಂದರು. ಅಲ್ಲಿದ್ದ ನಾವೂ ನಕ್ಕು ಹೌದೆಂದೆವು. ಮನೆಗೆ ಬಂದು ಯೋಚನೆ ಮಾಡಿದಾಗ ನಾವು ಹೌದೆಂದದ್ದೇ ತಪ್ಪು ಎಂದು ತಿಳಿಯಿತು. ಆ ತಪ್ಪನ್ನು ತಿದ್ದಿಕೊಳ್ಳಲು ಈ ಬರಹ.

ತೆರಿಗೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಯಾರ ಹೆಸರಿಗೆ ಬರುತ್ತದೋ ಅವರೇ ಕೈಯಿಂದ ಕಟ್ಟುವುದು ನೇರ ತೆರಿಗೆ. ಜಮೀನಿನ ಕಂದಾಯ, ಮನೆ ತೆರಿಗೆ, ಆದಾಯ ತೆರಿಗೆ ಈ ಸಾಲಿನವು. ಅಂಗಡಿಕಾರ ಸರ್ಕಾರಕ್ಕೆ ಕಟ್ಟಿ, ಸಾಮಾನಿನ ಬೆಲೆಯಲ್ಲಿ ಸೇರಿಸಿ ನಮ್ಮಿಂದ ವಸೂಲು ಮಾಡುವುದು ಪರೋಕ್ಷ ತೆರಿಗೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಈ ಎರಡರ ಮೇಲೂ ಹೋರಾಡಿದವರು ಎಂಬುದು ನಮಗೆ ಹೆಮ್ಮೆಯ ವಿಷಯ.

ಮೊದಲು ಕಂದಾಯದ ಕಥೆ. ಮಲೆನಾಡು, ಕರಾವಳಿಗಳನ್ನು ಆಳಿದ ಕೆಳದಿಯ ಶಿವಪ್ಪನಾಯಕ (ಆಳ್ವಿಕೆ 1645-1660) ಜಮೀನು ಅಳೆಸಿ, ಮಣ್ಣಿನ ಗುಣ ನೋಡಿ ಐದು ತರ ಮಾಡಿ, ಬೆಳೆಯ ಲೆಕ್ಕದ ಮೇಲೆ ಕಂದಾಯ ಗೊತ್ತುಮಾಡಿದ. ಇದೇ ಹೆಸರಾಂತ 'ಶಿಸ್ತು'. ಅಡಿಕೆ ತೋಟಕ್ಕೆ ಮರದ ಲೆಕ್ಕ. ಮುಂದೆ ಬ್ರಿಟಿಷರ ಕಾಲದಲ್ಲಿ, 1862ರಲ್ಲಿ, ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಸರ್ವೆ ಮಾಡಿ, ಸಾಮಾನ್ಯವಾಗಿ 30 ವರ್ಷಕ್ಕೊಮ್ಮೆ ಕಂದಾಯ ನಿಗದಿ ಮಾಡುವ ಪದ್ಧತಿ ಬಂತು. ಲೆಕ್ಕವೇನೋ ಚೊಕ್ಕವಾಯಿತು. ಆದರೆ ಮಳೆ ಬರಲಿ ಬಿಡಲಿ, ಬೆಲೆ ಏರಲಿ ಇಳಿಯಲಿ, ಕಂತಿನ ದಿನ ನಗದು ಹಣ ಎಣಿಸಲೇಬೇಕು. ಹಣ ಇಲ್ಲದ ರೈತ ಸಾಹುಕಾರನ ಬಾಗಿಲಿಗೆ ಹೋದ. ಇಲ್ಲವೇ ಮರದ ಮೇಲಿದ್ದ ಬೆಳೆಯನ್ನೇ ಅಗ್ಗಕ್ಕೆ ಬರೆದುಕೊಟ್ಟ. ಇಂಥ ಸಾಲದ ಸಂಕಟಕ್ಕೆ ಮದ್ದಾಗಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದರೆ ನಮ್ಮ ಸಂಘದ ಬೇರನ್ನು ಹುಡುಕಿಕೊಂಡು ಹೋದರೆ, ಕಂದಾಯಕ್ಕಾಗಿ ಮಾಡಿದ ಸಾಲವೂ ಅಲ್ಲಿ ಸಿಗುತ್ತದೆ.

1929ರ ನಂತರ ಪ್ರಪಂಚದಲ್ಲೆಲ್ಲ ಬೆಲೆ ಕುಸಿಯಿತು. ರೈತನ ಬೆಳೆಗೆ ಬೆಲೆ ಇಲ್ಲ, ಕಂದಾಯ ಮಾತ್ರ ಇದ್ದ ಹಾಗೇ ಇತ್ತು. ಸ್ವಾತಂತ್ರ್ಯ ಚಳವಳಿಯ ಕಾವೂ ಸೇರಿ, ಸಿದ್ದಾಪುರ, ಅಂಕೋಲಾ ತಾಲೂಕುಗಳ ರೈತರು "ಕಂದಾಯ ಕೊಡೋದಿಲ್ಲ" ಎಂದು ನಿಂತುಬಿಟ್ಟರು. ಇದು ಕರನಿರಾಕರಣೆ. ಸರ್ಕಾರ ಜಮೀನು, ದನಕರು, ಪಾತ್ರೆ ಪಡಗ ಜಪ್ತಿ ಮಾಡಿ ಹರಾಜು ಹಾಕಿತು. ಗಂಡಸರು ಜೈಲಿಗೆ ಹೋದರು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು, ಜಪ್ತಿಯಾದ ಸೊತ್ತು ಕೊಂಡವರ ಮನೆಯೆದುರು ಉಪವಾಸ ಕೂತರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿ ಜಮೀನು ಹಿಂದಿರುಗಿಸುವ ಕಾಯ್ದೆಯಾಯಿತು. ಆದರೆ ಹರಾಜಾದ ಹಂಡೆ, ಹಾಲು ಕರೆಯುವ ಎಮ್ಮೆ, ಜೈಲಿನಲ್ಲಿ ಕಳೆದ ದಿನ ಯಾವ ಕಾಯ್ದೆಯಿಂದ ವಾಪಸು ಬಂದಾವು?

ಕಂದಾಯ ಜಮೀನುದಾರನ ಸಂಕಟವಾದರೆ, ಉಪ್ಪಿನ ತೆರಿಗೆ ಎಲ್ಲರ ಸಂಕಟ. ಒಂದು ಗುಂಟೆ ಜಾಗ ಇಲ್ಲದವನೂ ಗಂಜಿಗೆ ಉಪ್ಪು ಹಾಕಿಕೊಳ್ಳಲೇಬೇಕು. ಹಾಕಿಕೊಂಡಾಗೆಲ್ಲ ಸರ್ಕಾರಕ್ಕೆ ಕಾಸು ಹೋಗುತ್ತಿತ್ತು. ಗಾಂಧೀಜಿಯವರು ಉಪ್ಪನ್ನೇ ಆರಿಸಿಕೊಂಡದ್ದರ ಮರ್ಮ ಇದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆ ತೆರಿಗೆ 1947ರಲ್ಲಿ ರದ್ದಾಯಿತು.

ಸ್ವಾತಂತ್ರ್ಯ ಬಂದ ಮೇಲೆ ತಕ್ಕಡಿ ಹೊರಳಿತು. ಎಕರೆ ಲೆಕ್ಕದ ಕಂದಾಯ ಈಗ ನಾಮಮಾತ್ರ, ರಸೀದಿಯಷ್ಟೇ ಮುಖ್ಯ. ಮನೆ ತೆರಿಗೆ, ನೀರಿನ ಕರ ನಮ್ಮ ಗ್ರಾಮ ಪಂಚಾಯಿತಿಗೆ ಹೋಗುತ್ತವೆ. 1860ರಲ್ಲಿ ಬಂದ ಆದಾಯ ತೆರಿಗೆ ಕೃಷಿ ಆದಾಯಕ್ಕೆ ತಾಗುವುದಿಲ್ಲ. ಸಂಬಳದವರು, ವ್ಯಾಪಾರಸ್ಥರು ಮಿತಿ ಮೀರಿದರೆ ಕಟ್ಟುತ್ತಾರೆ. ಊರ ಗಡಿಯಲ್ಲಿ ಗಾಡಿ ನಿಲ್ಲಿಸಿ ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ನಮ್ಮ ರಾಜ್ಯದಲ್ಲಿ 1979ರಲ್ಲಿ ಹೋಯಿತು. 1957ರ ಕಾಯ್ದೆಯ ಮಾರಾಟ ತೆರಿಗೆ 2005ರ ಏಪ್ರಿಲ್ 1ರಿಂದ ವ್ಯಾಟ್ ಆಯಿತು. 2017ರ ಜುಲೈ 1ರಿಂದ ಹೆಚ್ಚಿನ ಸಾಮಾನುಗಳಿಗೆ ಜಿ.ಎಸ್.ಟಿ. ಬಂತು. ಪೆಟ್ರೋಲು, ಡೀಸೆಲ್ಲಿನಂಥವು ಅದರ ಹೊರಗೆ ಉಳಿದವು. ಅವುಗಳ ತೆರಿಗೆ ಬೇರೆ.

ಹೀಗೆ ಕಾಣುವ ತೆರಿಗೆ ಸಣ್ಣದಾಯಿತು, ಕಾಣದ ತೆರಿಗೆ ದೊಡ್ಡದಾಯಿತು. ನಾವು ಕೊಳ್ಳುವ ಗೊಬ್ಬರಕ್ಕೆ ಶೇ. 5 ಜಿ.ಎಸ್.ಟಿ. ಇದೆ. ನೂರು ರೂಪಾಯಿಗೆ ಐದು. ಅದರಲ್ಲಿ ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಸೋಪಿಗೆ ಮೊದಲು ಶೇ. 18 ಇತ್ತು, 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು. ನೂರು ಮರದ ತೋಟದವನೂ ಸಾವಿರ ಮರದವನೂ ಒಂದೇ ಸೋಪಿಗೆ ಒಂದೇ ತೆರಿಗೆ ಕೊಡುತ್ತಾರೆ. ತೋಟವೇ ಇಲ್ಲದವರೂ ಅಷ್ಟೇ ಕೊಡುತ್ತಾರೆ. ದಿನಗೂಲಿಯ ಕೈಯಿಂದ ಹೋಗುವ ಆ ರೂಪಾಯಿಯ ಭಾರ ಹೆಚ್ಚು.

ತೆರಿಗೆ ಬೇಡ ಎಂದು ನಾವು ಹೇಳುತ್ತಿಲ್ಲ. ಊರಿನ ರಸ್ತೆ, ಶಾಲೆ, ಆಸ್ಪತ್ರೆ ಅದರಿಂದಲೇ ಆಗಬೇಕು. ಅಂದಿನವರು ಹಂಡೆ ಕಳೆದುಕೊಂಡು ಕೇಳಿದ್ದು ಸಹ, ನಮ್ಮ ದುಡ್ಡಿನ ಮೇಲೆ ನಮಗೇ ಮಾತಿರಬೇಕು ಎಂಬುದನ್ನೇ. ಇಂದು ಗ್ರಾಮಸಭೆಯಲ್ಲಿ ಆ ಮಾತನ್ನು ಆಡಲು ಜೈಲಿಗೆ ಹೋಗಬೇಕಿಲ್ಲ. ಆದರೆ "ನಾನೇನು ತೆರಿಗೆ ಕಟ್ತೇನೆ" ಎಂದುಕೊಂಡವರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತುಬಿಡುತ್ತಾರೆ.

ಮಳಿಗೆಗೆ ಬಂದಿದ್ದ ಆ ತಾಯಿಗೆ ನಮ್ಮ ಉತ್ತರ ಇಷ್ಟೇ: ನೀವೂ ತೆರಿಗೆ ಕಟ್ಟುವವರೇ. ಬಿಲ್ಲು ಕೇಳಿ ಪಡೆಯಿರಿ, ಅದರ ಕೆಳಗಿನ ಸಾಲು ಓದಿಸಿಕೊಳ್ಳಿ, ಗ್ರಾಮಸಭೆಯಲ್ಲಿ ಮುಂದಿನ ಸಾಲಿಗೆ ಬಂದು ಲೆಕ್ಕ ಕೇಳಿ.