ಬೆವರಿನ ವಾಸನೆಗೆ ಮನೆಯಲ್ಲೇ ಮದ್ದು: ನೈಸರ್ಗಿಕ ಡಿಯೋಡರೆಂಟ್ ತಯಾರಿಸುವ ಬಗೆ

ಬೇಸಿಗೆಯ ಬೆಳಗ್ಗೆ ಕಿಕ್ಕಿರಿದ ನಗರ ಸಾರಿಗೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತವರಿಗೆ ಬೆವರಿನ ವಾಸನೆಯ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಪಕ್ಕದವರ ವಾಸನೆಗಿಂತಲೂ ಹೆಚ್ಚಾಗಿ ಕಾಡುವುದು ತನ್ನ ಮೈಯೇ ನಾರುತ್ತಿದೆಯೇನೋ ಎಂಬ ಅಳುಕು. ಕೆಲಸದ ಸಂದರ್ಶನಕ್ಕೆ ಹೊರಟ ತರುಣ, ತರಗತಿಯಲ್ಲಿ ಗೆಳತಿಯರಿಂದ ಒಂದಿಷ್ಟು ದೂರ ಸರಿದು ಕೂರುವ ಬಾಲಕಿ, ಇಬ್ಬರೂ ಈ ಅಳುಕನ್ನು ಬಲ್ಲರು. ಸುಗಂಧದ ಡಬ್ಬಿಗಳ ಮಾರುಕಟ್ಟೆ ನಿಂತಿರುವುದೇ ಇದರ ಮೇಲೆ.

ಡಬ್ಬಿಯಲ್ಲಿರುವ ರಾಸಾಯನಿಕಗಳು ಬೇಡವೆನ್ನುವವರು ಅಡುಗೆಮನೆಯತ್ತ ತಿರುಗುತ್ತಾರೆ. ಅಡುಗೆ ಸೋಡಾ, ಕೊಬ್ಬರಿ ಎಣ್ಣೆ, ನಿಂಬೆರಸ, ಅರಿಶಿನ ಎಂದು ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಇವುಗಳಲ್ಲಿ ಕೆಲವು ನಿಜಕ್ಕೂ ಫಲಕಾರಿ. ಕೆಲವು ವಾಸನೆಯ ಜೊತೆಗೆ ಚರ್ಮವನ್ನೂ ಸುಲಿಯುತ್ತವೆ. ಎರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಮೊದಲು ಬೆವರನ್ನು ಅರಿಯಬೇಕು.

ಬೆವರಿಗೆ ಸ್ವಂತ ವಾಸನೆಯಿಲ್ಲ

ಮನುಷ್ಯನ ಮೈಮೇಲೆ 20ರಿಂದ 40 ಲಕ್ಷದಷ್ಟು ಬೆವರುಗ್ರಂಥಿಗಳಿವೆ. ಇವುಗಳಲ್ಲಿ ಬಹುಪಾಲು ಎಕ್ರೈನ್ ಗ್ರಂಥಿಗಳು. ಇವು ಸ್ರವಿಸುವುದು ನೀರು ಮತ್ತು ಅಲ್ಪ ಪ್ರಮಾಣದ ಉಪ್ಪು. ಆ ನೀರು ಆವಿಯಾಗುವಾಗ ದೇಹ ತಂಪಾಗುತ್ತದೆ. ಕಂಕುಳು ಮತ್ತು ತೊಡೆಸಂದುಗಳಲ್ಲಿ ಅಪೊಕ್ರೈನ್ ಎಂಬ ಇನ್ನೊಂದು ಬಗೆಯ ಗ್ರಂಥಿಗಳಿವೆ. ಇವು ಹರೆಯಕ್ಕೆ ಕಾಲಿಡುವಾಗ ಚುರುಕಾಗುತ್ತವೆ. ಕೊಬ್ಬು ಹಾಗೂ ಪ್ರೋಟೀನಿನ ಅಂಶವಿರುವ ಇವುಗಳ ಸ್ರಾವ ತುಸು ಮಂದವಾಗಿರುತ್ತದೆ. ಚಿಕ್ಕ ಮಕ್ಕಳು ಎಷ್ಟೇ ಬೆವರಿದರೂ ದೊಡ್ಡವರಂತೆ ವಾಸನೆ ಬಾರದಿರಲು ಇದೇ ಕಾರಣ.

ಆಗತಾನೆ ಹೊರಬಂದ ಈ ಸ್ರಾವಕ್ಕೂ ಹೆಚ್ಚೇನೂ ವಾಸನೆಯಿರುವುದಿಲ್ಲ. ಕಂಕುಳಿನ ಬೆಚ್ಚನೆಯ ತೇವದಲ್ಲಿ ಬೀಡುಬಿಟ್ಟಿರುವ ಕೊರಿನೆಬ್ಯಾಕ್ಟೀರಿಯಂ, ಸ್ಟಫಿಲೊಕಾಕಸ್ ಜಾತಿಯ ಸೂಕ್ಷ್ಮಾಣುಗಳು ಅದನ್ನು ಒಡೆದಾಗ ಹುಟ್ಟುವ ಆಮ್ಲಗಳು ಮತ್ತು ಗಂಧಕಯುಕ್ತ ಸಂಯುಕ್ತಗಳೇ ಮೂಗಿಗೆ ಬಡಿಯುವುದು.

ಎಲ್ಲರ ಮೈಯೂ ಒಂದೇ ತೆರನಾಗಿ ನಾರುವುದಿಲ್ಲ. ಎಬಿಸಿಸಿ11 ಎಂಬ ವಂಶವಾಹಿಯ ಒಂದು ಬಗೆಯನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರಲ್ಲಿ ಕಂಕುಳಿನ ವಾಸನೆ ತೀರಾ ಕಡಿಮೆ. ಕೊರಿಯಾ, ಚೀನಾ, ಜಪಾನ್ ದೇಶಗಳ ಬಹುಪಾಲು ಜನ ಇಂಥವರು. ಆದುದರಿಂದ ಮೈವಾಸನೆಯೆಂದರೆ ಕೊಳಕುತನವೆಂದು ಭಾವಿಸುವುದು ತಪ್ಪು. ದಿನಕ್ಕೆ ಎರಡು ಬಾರಿ ಮೀಯುವವರಿಗೂ ಅದು ಬರಬಹುದು.

ಡಿಯೋಡರೆಂಟ್ ಬೇರೆ, ಬೆವರು ತಡೆಯುವ ಲೇಪ ಬೇರೆ

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಕೂರುವ ಡಬ್ಬಿಗಳಲ್ಲಿ ಎರಡು ಬಗೆಯಿವೆ. ಡಿಯೋಡರೆಂಟ್ ಸೂಕ್ಷ್ಮಾಣುಗಳನ್ನು ಹತ್ತಿಕ್ಕುತ್ತದೆ ಅಥವಾ ವಾಸನೆಯನ್ನು ಮರೆಮಾಚುತ್ತದೆ. ಆಂಟಿಪರ್ಸ್ಪಿರೆಂಟ್ ಎಂಬುದು ಅಲ್ಯೂಮಿನಿಯಂ ಲವಣಗಳಿಂದ ಬೆವರಿನ ನಾಳದ ಬಾಯಿಯನ್ನೇ ತಾತ್ಕಾಲಿಕವಾಗಿ ಮುಚ್ಚುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1888ರಲ್ಲಿ ಬಂದ 'ಮಮ್' ಮೊದಲ ವಾಣಿಜ್ಯ ಡಿಯೋಡರೆಂಟ್ ಎಂದು ಹೆಸರಾಗಿದೆ. ಬೆವರನ್ನೇ ತಡೆಯುವ 'ಎವರ್‌ಡ್ರೈ' ಬಂದದ್ದು 1903ರಲ್ಲಿ.

ಮನೆಯಲ್ಲಿ ತಯಾರಿಸಬಹುದಾದದ್ದು ಮೊದಲ ಬಗೆಯದು ಮಾತ್ರ. ಅದನ್ನು ಹಚ್ಚಿದ ಮೇಲೂ ಬೆವರು ಬರುತ್ತದೆ, ಅಂಗಿ ಒದ್ದೆಯಾಗುತ್ತದೆ. ವಾಸನೆ ಮಾತ್ರ ಕಡಿಮೆಯಾಗುತ್ತದೆ. ಇದನ್ನರಿಯದೆ ಪ್ರಯೋಗಕ್ಕಿಳಿದವರು ಎರಡೇ ದಿನಕ್ಕೆ ನಿರಾಶರಾಗುತ್ತಾರೆ.

ಕನ್ನಡ ನಾಡಿಗೆ ಹೊಸತಲ್ಲ

ಮೈಗಂಧದ ಚಿಂತೆ ಇಲ್ಲಿ ಡಬ್ಬಿಯೊಂದಿಗೆ ಬಂದದ್ದೇನೂ ಅಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಸುಗಂಧ ತಯಾರಿಕೆಗೆಂದೇ 'ಗಂಧಯುಕ್ತಿ' ಎಂಬ ಅಧ್ಯಾಯವಿದೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ವು ಸ್ನಾನ, ಲೇಪನ, ಧೂಪಗಳನ್ನು ರಾಜಭೋಗಗಳೆಂದು ಪರಿಗಣಿಸಿ ಒಂದೊಂದನ್ನೂ ವಿವರಿಸುತ್ತದೆ. ಅರಮನೆಯ ಆಚೆಗೆ ಜನಸಾಮಾನ್ಯರ ಬಳಿ ಕಡಲೆಹಿಟ್ಟು, ಸೀಗೆಪುಡಿ, ಲಾವಂಚದ ಬೇರುಗಳಿದ್ದವು. ಕ್ಷೌರದಂಗಡಿಯಲ್ಲಿ ಪಟಿಕದ ಕಲ್ಲಿತ್ತು.

ಸಾಮಗ್ರಿಗಳು ಮತ್ತು ಅವುಗಳ ಕೆಲಸ

ಪಟಿಕ: ಗಡ್ಡ ಹೆರೆದ ಮೇಲೆ ಕ್ಷೌರಿಕರು ಮುಖಕ್ಕೆ ಉಜ್ಜುವ, ಸಕ್ಕರೆ ಕಲ್ಲಿನಂತಹ ಅರೆಪಾರದರ್ಶಕ ಹರಳು. ಆಲಂ ಎಂದರೂ ಇದೇ. ಗ್ರಂಧಿಗೆ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಇದರ ದ್ರಾವಣ ಆಮ್ಲೀಯವಾದುದರಿಂದ ಸೂಕ್ಷ್ಮಾಣುಗಳ ಬೆಳವಣಿಗೆ ಕುಂಠಿತಗೊಳ್ಳುತ್ತದೆ.

ಕೊಬ್ಬರಿ ಎಣ್ಣೆ: ಇದರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಸೂಕ್ಷ್ಮಾಣುಗಳನ್ನು ನಿಯಂತ್ರಿಸುವ ಗುಣ ಇದಕ್ಕಿದೆ.

ಕೂವೆ ಹಿಟ್ಟು: ಆರಾರೂಟ್ ಎಂದು ಮಾರಾಟವಾಗುವ ನುಣುಪಾದ ಪಿಷ್ಟ. ತೇವ ಹೀರಿಕೊಳ್ಳುತ್ತದೆ. ಇದು ಸಿಗದಿದ್ದರೆ ಕಾರ್ನ್‌ಫ್ಲೋರ್ ಆಗಬಹುದು.

ಅಡುಗೆ ಸೋಡಾ: ವಾಸನೆಯ ಆಮ್ಲಗಳನ್ನು ತಟಸ್ಥಗೊಳಿಸುತ್ತದೆ. ಆದರೆ ಮಿತಿ ಮೀರಿದರೆ ಅಪಾಯಕಾರಿಯೂ ಇದೇ.

ಜೇನುಮೇಣ ಅಥವಾ ಮುರುಗಲು ತುಪ್ಪ: ಲೇಪವನ್ನು ಗಟ್ಟಿಯಾಗಿಡುತ್ತವೆ. ಉತ್ತರ ಕನ್ನಡ ಮತ್ತು ಮಲೆನಾಡಿನ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪವೇ ಪೇಟೆಯಲ್ಲಿ ಕೋಕಂ ಬಟರ್ ಎನ್ನಿಸಿಕೊಳ್ಳುತ್ತದೆ.

ಒಂದನೆಯ ವಿಧಾನ: ಪಟಿಕದ ನೀರು

ತೀರಾ ಸರಳವಾದುದು ಇದು. ಕುದಿಸಿ ಆರಿಸಿದ 100 ಮಿಲಿಲೀಟರ್ ನೀರಿಗೆ ಒಂದು ಟೀ ಚಮಚ ಪಟಿಕದ ಪುಡಿ ಹಾಕಿ ಪೂರ್ತಿ ಕರಗುವವರೆಗೆ ಕಲಕಬೇಕು. ಶುಚಿಯಾದ ಸ್ಪ್ರೇ ಬಾಟಲಿಗೆ ತುಂಬಿ, ಸ್ನಾನದ ನಂತರ ಒರೆಸಿಕೊಂಡ ಕಂಕುಳಿಗೆ ಸಿಂಪಡಿಸಿ ಒಣಗಲು ಬಿಡಬೇಕು. ಹದಿನೈದು ದಿನಗಳಿಗೆ ಸಾಕಾಗುವಷ್ಟನ್ನೇ ಮಾಡಿಕೊಳ್ಳುವುದು ಲೇಸು. ಇಷ್ಟೂ ಬೇಡವೆನ್ನುವವರು ಹರಳನ್ನೇ ನೀರಿನಲ್ಲಿ ಅದ್ದಿ ನಾಲ್ಕೈದು ಬಾರಿ ಉಜ್ಜಿಕೊಂಡು, ನಂತರ ಅದನ್ನು ತೊಳೆದು ಒಣಗಿಸಿಡಬಹುದು. ಕಲ್ಲಿನ ಅಂಚು ಚೂಪಾಗಿರಬಾರದು.

ಎರಡನೆಯ ವಿಧಾನ: ಲೇಪ

ಬೇಕಾಗುವುದು: ಕೊಬ್ಬರಿ ಎಣ್ಣೆ 3 ದೊಡ್ಡ ಚಮಚ, ಕೂವೆ ಹಿಟ್ಟು 3 ದೊಡ್ಡ ಚಮಚ, ತುರಿದ ಜೇನುಮೇಣ 1 ಟೀ ಚಮಚ, ಅಡುಗೆ ಸೋಡಾ ಹೆಚ್ಚೆಂದರೆ 1 ಟೀ ಚಮಚ, ಲಾವಂಚ ಅಥವಾ ಲ್ಯಾವೆಂಡರ್ ತೈಲ 10 ಹನಿ.

ಕುದಿಯುವ ನೀರಿನ ಪಾತ್ರೆಯೊಳಗೆ ಬಟ್ಟಲನ್ನಿಟ್ಟು ಎಣ್ಣೆ ಮತ್ತು ಮೇಣವನ್ನು ಕರಗಿಸಬೇಕು. ನೇರ ಉರಿಯ ಮೇಲೆ ಇಡಬಾರದು. ಕೆಳಗಿಳಿಸಿದ ಮೇಲೆ ಜರಡಿ ಹಿಡಿದ ಕೂವೆ ಹಿಟ್ಟು ಹಾಗೂ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಗಂಟಿಲ್ಲದಂತೆ ಕಲಸಬೇಕು. ಉಗುರುಬೆಚ್ಚಗಾದಾಗ ಸುಗಂಧ ತೈಲ ಹಾಕಬೇಕು. ಬಿಸಿಯಿರುವಾಗಲೇ ಹಾಕಿದರೆ ಪರಿಮಳ ಹಾರಿಹೋಗುತ್ತದೆ. ಹಿಟ್ಟು ತಳದಲ್ಲಿ ಕೂರದಂತೆ, ಮಿಶ್ರಣ ಗಟ್ಟಿಯಾಗುವವರೆಗೂ ಆಗಾಗ ಕಲಕುತ್ತಿದ್ದು ಗಾಜಿನ ಭರಣಿಗೆ ತುಂಬಬೇಕು. ಒದ್ದೆ ಬೆರಳು ತಾಗಿಸದಿದ್ದರೆ ಎರಡು ತಿಂಗಳು ಬಾಳುತ್ತದೆ. ಒಮ್ಮೆಗೆ ಬಟಾಣಿ ಕಾಳಿನಷ್ಟು ಸಾಕು. ಹೆಚ್ಚು ಹಚ್ಚಿದರೆ ಅಂಗಿಗೆ ಎಣ್ಣೆಯ ಕಲೆಯಾಗುತ್ತದೆ.

ಇಲ್ಲಿ ಹವೆಯನ್ನು ಗಮನಿಸಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಚಳಿನಾಡುಗಳಲ್ಲಿ ರೂಢಿಗೆ ಬಂದ ಪಾಕವನ್ನು ಹಾಗೆಯೇ ಅನುಸರಿಸಿದರೆ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಗಳಲ್ಲಿ ಭರಣಿಯಲ್ಲಿ ಉಳಿಯುವುದು ಬರೀ ಎಣ್ಣೆ ಮತ್ತು ತಳದಲ್ಲಿ ಹಿಟ್ಟು. ಜೇನುಮೇಣ ಕರಗಲು 60 ಡಿಗ್ರಿಗಿಂತಲೂ ಹೆಚ್ಚಿನ ಶಾಖ ಬೇಕು. ಮುರುಗಲು ತುಪ್ಪಕ್ಕೆ 40 ಡಿಗ್ರಿಯ ಆಸುಪಾಸು. ಬಿಸಿಲೂರಿನವರು ಮೇಣವನ್ನು 2 ಟೀ ಚಮಚಕ್ಕೆ ಏರಿಸಿ, ಒಂದು ಚಮಚ ಕೊಬ್ಬರಿ ಎಣ್ಣೆಯ ಬದಲು ಮುರುಗಲು ತುಪ್ಪ ಬಳಸುವುದು ಸೂಕ್ತ.

ಮೂರನೆಯ ವಿಧಾನ: ಪುಡಿ

ಜಿಡ್ಡು ಒಗ್ಗದವರಿಗೆ ಇದು ಹಿತ. 4 ದೊಡ್ಡ ಚಮಚ ಕೂವೆ ಹಿಟ್ಟು, 1 ಟೀ ಚಮಚ ನುಣುಪಾದ ಲಾವಂಚದ ಬೇರಿನ ಪುಡಿ, ಅರ್ಧ ಟೀ ಚಮಚ ಅಡುಗೆ ಸೋಡಾ ಬೆರೆಸಿ ಎರಡು ಬಾರಿ ಜರಡಿ ಹಿಡಿದು ಒಣ ಡಬ್ಬಿಯಲ್ಲಿಡಬೇಕು. ಸೋಡಾ ಬದಲಿಗೆ ಅಷ್ಟೇ ಪ್ರಮಾಣದ ಪಟಿಕದ ಪುಡಿ ಹಾಕಬಹುದು. ಆದರೆ ಎರಡನ್ನೂ ಕೂಡಿಸಬಾರದು. ಒಂದು ಆಮ್ಲೀಯ, ಇನ್ನೊಂದು ಕ್ಷಾರೀಯ. ಬೆವರು ತಾಗಿದೊಡನೆ ಅವು ಪರಸ್ಪರ ವರ್ತಿಸಿ ಎರಡರ ಗುಣವೂ ಕುಂದುತ್ತದೆ.

ನೈಸರ್ಗಿಕವೆಲ್ಲ ನಿರುಪದ್ರವಿಯಲ್ಲ

ಮನೆಮದ್ದಿನಿಂದ ಚರ್ಮ ಕೆಡಿಸಿಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಸೋಡಾದಲ್ಲಿ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಅಂದರೆ ಅದು ತುಸು ಆಮ್ಲೀಯ. ಆ ಆಮ್ಲದ ಪದರವೇ ಚರ್ಮದ ರಕ್ಷಾಕವಚ. ಸೋಡಾ ಬೆರೆತ ನೀರಿನ ಪಿಎಚ್ 8ಕ್ಕಿಂತ ಹೆಚ್ಚು. ಹಿಟ್ಟಿನ ಸಮಕ್ಕೆ ಸೋಡಾ ಸುರಿದು ದಿನವೂ ಹಚ್ಚಿದರೆ ಕೆಲವೇ ವಾರಗಳಲ್ಲಿ ಕೆಂಪು, ಉರಿ, ತುರಿಕೆ ಕಾಣಿಸಿಕೊಳ್ಳಬಹುದು. ಬಳಿಕ ಆ ಭಾಗ ಕಪ್ಪಾಗುವುದೂ ಉಂಟು. ಸೋಡಾ ಒಗ್ಗದವರು ಅದನ್ನು ಪೂರ್ತಿ ಕೈಬಿಟ್ಟರೂ ಲೇಪ ಕೆಲಸ ಮಾಡುತ್ತದೆ, ಪರಿಣಾಮ ಕೊಂಚ ಕಡಿಮೆಯಾಗುತ್ತದೆ ಅಷ್ಟೆ.

ನಿಂಬೆರಸವನ್ನು ನೇರವಾಗಿ ಹಚ್ಚಲೇಬಾರದು. ಅದರ ಆಮ್ಲ ತೀರಾ ಪ್ರಖರ. ಮೇಲಾಗಿ, ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಕೆಲವು ಅಂಶಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗಾಯದಂತಹ ಬೊಬ್ಬೆಗಳೇಳುತ್ತವೆ. ತಿಂಗಳುಗಟ್ಟಲೆ ಮಾಸದ ಕಲೆ ಉಳಿಯುತ್ತದೆ. ದಾಲ್ಚಿನ್ನಿ ಮತ್ತು ಲವಂಗದ ತೈಲಗಳೂ ಉರಿ ತರುತ್ತವೆ. ಸುಗಂಧ ತೈಲ ಯಾವುದೇ ಇರಲಿ, ಒಟ್ಟು ಮಿಶ್ರಣದ ನೂರರಲ್ಲಿ ಒಂದು ಭಾಗವನ್ನು ಮೀರಬಾರದು. ಅರಿಶಿನ ಬಿಳಿ ಅಂಗಿಯ ಮೇಲೆ ಬಿಡುವ ಕಲೆಯನ್ನು ಯಾವ ಸಾಬೂನೂ ಸುಲಭವಾಗಿ ತೆಗೆಯದು.

ಯಾವುದೇ ಮಿಶ್ರಣವನ್ನು ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ ಎರಡು ದಿನ ಕಾಯಬೇಕು. ಕೆಂಪಾಗದಿದ್ದರೆ ಮಾತ್ರ ಕಂಕುಳಿಗೆ ಬಳಸಬೇಕು. ಕೂದಲು ತೆಗೆದ ದಿನ ಏನನ್ನೂ ಹಚ್ಚದಿರುವುದು ಕ್ಷೇಮ. ಅಂದಂದಿನ ಅಂಗಿಯನ್ನು ಅಂದೇ ಒಗೆಯಲು ಹಾಕುವುದು, ಪಾಲಿಯೆಸ್ಟರ್ ಬದಲು ಹತ್ತಿ ಬಟ್ಟೆ ತೊಡುವುದು, ಕಂಕುಳನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳುವುದು, ಇವುಗಳಿಲ್ಲದೆ ಯಾವ ಲೇಪವೂ ಫಲಿಸದು.

ಅಲ್ಯೂಮಿನಿಯಂ ಭಯ ಎಷ್ಟು ನಿಜ?

ಆಂಟಿಪರ್ಸ್ಪಿರೆಂಟ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಮಾತು ಬಹುಕಾಲದಿಂದ ಹರಿದಾಡುತ್ತಿದೆ. ಇದಕ್ಕೆ ಸ್ಪಷ್ಟ ವೈಜ್ಞಾನಿಕ ಪುರಾವೆಯಿಲ್ಲವೆಂಬುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನಿಲುವು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಬಳಸಬೇಕೆಂದು ಆ ದೇಶದ ಔಷಧ ನಿಯಂತ್ರಣ ನಿಯಮವು ಡಬ್ಬಿಯ ಮೇಲೆ ಎಚ್ಚರಿಕೆ ಬರೆಸುತ್ತದೆ. ಕುತೂಹಲದ ಸಂಗತಿಯೆಂದರೆ, ನೈಸರ್ಗಿಕವೆಂದು ಕೊಂಡಾಡುವ ಪಟಿಕವೂ ಅಲ್ಯೂಮಿನಿಯಂ ಲವಣವೇ. ಅಲ್ಯೂಮಿನಿಯಂ ಬೇಡವೆನ್ನುವವರು ಪಟಿಕವಿಲ್ಲದ ಲೇಪ ಅಥವಾ ಪುಡಿಯನ್ನು ಆರಿಸಿಕೊಳ್ಳಬೇಕು.

ಬೆವರನ್ನು ತಡೆದರೆ ದೇಹದ ವಿಷ ಒಳಗೇ ಉಳಿಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ತ್ಯಾಜ್ಯವನ್ನು ಹೊರಹಾಕುವ ಹೊಣೆ ಮುಖ್ಯವಾಗಿ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಬೆವರಿನ ಕೆಲಸ ಮೈಯನ್ನು ತಂಪಾಗಿಡುವುದು.

ವೈದ್ಯರ ಬಳಿಗೆ ಯಾವಾಗ?

ವಾಸನೆಯನ್ನು ಮುಚ್ಚಿಡುವ ಆತುರದಲ್ಲಿ ದೇಹ ಕೊಡುವ ಸೂಚನೆಯನ್ನು ಮರೆಯಬಾರದು. ಮೈವಾಸನೆ ಏಕಾಏಕಿ ಬದಲಾದರೆ, ಮೈ ಅಥವಾ ಉಸಿರು ಹಣ್ಣಿನಂತೆ, ಮೀನಿನಂತೆ ಇಲ್ಲವೇ ಅಮೋನಿಯಾದಂತೆ ಘಮಿಸತೊಡಗಿದರೆ ಮಧುಮೇಹ, ಚಯಾಪಚಯದ ದೋಷ ಅಥವಾ ಮೂತ್ರಪಿಂಡದ ತೊಂದರೆಯನ್ನು ಪರೀಕ್ಷಿಸಿಕೊಳ್ಳಬೇಕು. ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರಿ, ತೂಕ ಇಳಿದು, ಕೆಮ್ಮು ಬಿಡದಿದ್ದರೆ ಅದು ಕ್ಷಯದ ಲಕ್ಷಣವಾಗಿರಬಹುದು. ಕುಳಿತಲ್ಲೇ ಅಂಗಿ ತೊಯ್ದುಹೋಗುವಂತೆ ಸದಾ ಬೆವರುವುದು ಹೈಪರ್‌ಹೈಡ್ರೋಸಿಸ್ ಎಂಬ ಸ್ಥಿತಿ. ಇದಕ್ಕೆ ಚಿಕಿತ್ಸೆಯಿದೆ. ಅಡುಗೆಮನೆಯ ಭರಣಿಯಲ್ಲಿ ಇದಕ್ಕೆ ಉತ್ತರ ಹುಡುಕಬಾರದು.

ಮೊದಲ ಬಾರಿ ಪ್ರಯತ್ನಿಸುವವರು ಪಟಿಕದ ನೀರಿನಿಂದ ಆರಂಭಿಸುವುದು ಒಳಿತು. ಖರ್ಚು ಕೆಲವೇ ರೂಪಾಯಿ, ಶ್ರಮ ಐದು ನಿಮಿಷ. ಚರ್ಮಕ್ಕೆ ಒಗ್ಗಿದರೆ ಮುಂದುವರಿಸಬಹುದು. ಉರಿ ಕಂಡರೆ ಅಂದೇ ನಿಲ್ಲಿಸಿ ಬರೀ ನೀರಿನಿಂದ ತೊಳೆದುಕೊಂಡು, ಚರ್ಮ ಮೊದಲಿನಂತಾಗುವವರೆಗೆ ಬೇರೇನನ್ನೂ ಹಚ್ಚದಿರಬೇಕು.