ಹಿಂಡಲಗಾಕ್ಕೆ ಹೋದ ಮಾಸ್ತರು

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದು ಹೊರಟರೆ ಹಿಂಡಲಗಾ ಸಿಗುತ್ತದೆ. ಹೊರಗಿನವರಿಗೆ ಈ ಹೆಸರು ಪರಿಚಿತವಾಗಿರುವುದು ಊರಿನಿಂದಲ್ಲ, ಸೆರೆಮನೆಯಿಂದ. 1923ರಲ್ಲಿ ಕಟ್ಟಿದ ಈ ಜೈಲು ಗಲ್ಲುಗಂಬದ ಕಾರಣಕ್ಕಾಗಿ ಆಗಾಗ ಸುದ್ದಿಯಾಗುತ್ತದೆ. ಆದರೆ 1932ರಲ್ಲಿ ಇಲ್ಲಿಗೆ ಬಂದ ಒಬ್ಬ ಕೈದಿಯ ಅಪರಾಧ ಒಂದು ಕವಿತೆ. ವೃತ್ತಿಯಿಂದ ಅವರು ಮಾಸ್ತರು. ಹೆಸರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ.

ಬೇಂದ್ರೆ ಜೈಲಿಗೆ ಹೋದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕವಿಪರಿಚಯಗಳಲ್ಲಿ ಅದಕ್ಕೊಂದು ಸಾಲು ಮೀಸಲು. ಹೊರಬಂದ ಮೇಲೆ ಆ ಮಾಸ್ತರಿಗೆ ಏನಾಯಿತು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಸೆರೆಮನೆಯ ವಾಸ ತಿಂಗಳುಗಳದು; ಅದರ ಶಿಕ್ಷೆ ಮಾತ್ರ ಹತ್ತು ವರ್ಷಕ್ಕೂ ಮೀರಿ ನಡೆಯಿತು.

1896ರ ಜನವರಿ 31ರಂದು ಧಾರವಾಡದಲ್ಲಿ ಹುಟ್ಟಿದ ಬೇಂದ್ರೆಯವರ ಮನೆಮಾತು ಮರಾಠಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1918ರಲ್ಲಿ ಊರಿಗೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಆದರೆ ಅವರ ನಿಜವಾದ ಪಾಠ ನಡೆದದ್ದು ಶಾಲೆಯ ಗಂಟೆ ಬಾರಿಸಿದ ನಂತರವೇ ಎನ್ನಬೇಕು. 1922ರಲ್ಲಿ ಅವರ ಸುತ್ತ ಕಟ್ಟಿಕೊಂಡ ಕೂಟಕ್ಕೆ ‘ಗೆಳೆಯರ ಗುಂಪು’ ಎಂದು ಹೆಸರಾಯಿತು.

ಈ ಗುಂಪನ್ನು ಈಗ ಸಾಹಿತ್ಯ ಚರಿತ್ರೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಾರೆ. ಅಂದಿನ ಕಣ್ಣಿನಿಂದ ನೋಡಿದರೆ ಇದು ಯಾವ ಹೆಡ್‌ಮಾಸ್ತರರೂ ಮೆಚ್ಚುವ ವರ್ಗವಲ್ಲ. ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಒಬ್ಬರ ವಯಸ್ಸು ಇನ್ನೊಬ್ಬರಿಗೆ ಹೊಂದುವುದಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಶಂಬಾ ಜೋಶಿ ಬೇಂದ್ರೆಯವರ ಓರಗೆಯವರು. ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಸಿಕ್ಕಿ ಸರ್ಕಾರಿ ಮಾಸ್ತರಿಕೆ ಬಿಟ್ಟವರು, ಕೈಯಲ್ಲಿ ಪದವಿ ಇಲ್ಲ. ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರು ಬಡತನದಲ್ಲೇ ಬೆಳೆದ ಹಳ್ಳಿಯ ಹುಡುಗ. ಸವಣೂರಿನಿಂದ ಕಾಲೇಜು ಕಲಿಯಲು ಬಂದ ವಿನಾಯಕ ಕೃಷ್ಣ ಗೋಕಾಕರು ಅವರೆಲ್ಲರಿಗಿಂತ ಬಹಳ ಚಿಕ್ಕವರು, 1909ರಲ್ಲಿ ಹುಟ್ಟಿದವರು. ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ ಇದ್ದರು. ದೂರದ ಹಲಸಂಗಿಯ ಮಧುರಚೆನ್ನರ ಬಳಗದೊಡನೆಯೂ ನಂಟು ಬೆಳೆಯಿತು. ಹೆಂಗಸರು ಬೀಸುತ್ತ ಕುಟ್ಟುತ್ತ ಹಾಡುವ ತ್ರಿಪದಿಗಳನ್ನು ಕೂಡಿಸಿ ‘ಗರತಿಯ ಹಾಡು’ ಎಂಬ ಪುಸ್ತಕ ತಂದವರು ಆ ಹಲಸಂಗಿಯವರೇ.

ಇವರಲ್ಲಿ ಹಲವರಿಗೆ ಆಗಿನ ಇಂಗ್ಲಿಷ್ ವಿದ್ಯಾಭ್ಯಾಸದಲ್ಲಿ ಸರಿಯಾದ ಜಾಗವಿರಲಿಲ್ಲ. ಕನ್ನಡ ಓದಿದವನಿಗೆ ಮುಂಬಯಿ ಇಲಾಖೆಯಲ್ಲಿ ಹೊಟ್ಟೆಗೂ ಇಲ್ಲ, ಬಟ್ಟೆಗೂ ಇಲ್ಲ ಎಂಬ ಕಾಲ ಅದು. ಬೇಂದ್ರೆ ಅವರಿಗೆ ಕೊಟ್ಟದ್ದು ಕೆಲಸವನ್ನಲ್ಲ, ತಾವು ಮಾಡುತ್ತಿರುವುದು ಕೆಲಸವೇ ಎಂಬ ನಂಬಿಕೆಯನ್ನು. 1926ರಲ್ಲಿ ಈ ಗುಂಪು ದಸರೆಯ ದಿನಗಳಲ್ಲಿ ನಾಡಹಬ್ಬ ಆರಂಭಿಸಿತು.

1929ರಲ್ಲಿ ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಅಧ್ಯಕ್ಷರು ಮಾಸ್ತಿ ವೆಂಕಟೇಶ ಅಯ್ಯಂಗಾರರು. ಅಲ್ಲಿ ಬೇಂದ್ರೆ ‘ಹಕ್ಕಿ ಹಾರುತಿದೆ ನೋಡಿದಿರಾ’ ಓದಿದರು. ಧಾರವಾಡದ ಮಾಸ್ತರು ಅಂದು ನಾಡಿಗೆಲ್ಲ ಕವಿಯಾದರು. ಅದೇ ಬೆಳಗಾವಿಗೆ ಮೂರು ವರ್ಷದ ನಂತರ ಅವರು ಬಂದದ್ದು ಪೊಲೀಸರ ಜೊತೆ.

1932 ಸುಮಾರಾದ ವರ್ಷವಲ್ಲ. ಜನವರಿ 4ರಂದು ಗಾಂಧೀಜಿಯವರನ್ನು ಮುಂಬಯಿಯಲ್ಲಿ ಬಂಧಿಸಿದ ಸರ್ಕಾರ ಸುಗ್ರೀವಾಜ್ಞೆಗಳ ಮೇಲೆ ಸುಗ್ರೀವಾಜ್ಞೆ ಹೊರಡಿಸುತ್ತಿತ್ತು. ಅಂಕೋಲಾ, ಸಿದ್ದಾಪುರ, ಹಿರೇಕೆರೂರುಗಳಲ್ಲಿ ರೈತರು ಕರ ಕೊಡುವುದಿಲ್ಲ ಎಂದು ಕುಳಿತಿದ್ದರು. ಇಂಥ ಹೊತ್ತಿನಲ್ಲಿ ‘ಗರಿ’ ಸಂಗ್ರಹದ ‘ನರಬಲಿ’ ಕವನ ಅಧಿಕಾರಿಗಳ ಕಣ್ಣಿಗೆ ಬಿತ್ತು. ಹಕ್ಕಿಯ ಹಾಡೂ ಅದೇ ಪುಸ್ತಕದಲ್ಲಿದೆ. ಒಂದೇ ಪುಸ್ತಕದ ಒಂದು ಕವಿತೆ ಸಮ್ಮೇಳನದ ಮೆಚ್ಚುಗೆ ತಂದಿತ್ತು, ಇನ್ನೊಂದು ಕೋಳ ತಂದಿತು. ಸರ್ಕಾರ ಇದನ್ನು ರಾಜದ್ರೋಹವೆಂದು ಓದಿತು. ಕವಿತೆಯನ್ನು ಇಷ್ಟು ಗಮನವಿಟ್ಟು ಓದುವ ಓದುಗರು ಕನ್ನಡ ಕವಿಗಳಿಗೆ ಆಗ ಹೆಚ್ಚು ಮಂದಿ ಇದ್ದಿರಲಾರರು!

ಹಿಂಡಲಗಾದಲ್ಲಿ ಕೆಲವು ತಿಂಗಳು ಕಳೆದ ಮೇಲೆ ಬೇಂದ್ರೆಯವರನ್ನು ಧಾರವಾಡದ ಬಳಿಯ ಮುಗದ ಎಂಬ ಹಳ್ಳಿಯಲ್ಲಿ ನಜರಕೈದಿನಲ್ಲಿ ಇರಿಸಲಾಯಿತು. ಊರು ಕೂಗಳತೆಯಲ್ಲಿ, ಹೋಗುವಂತಿಲ್ಲ. ಮಾಸ್ತರಿಗೆ ಇದು ಜೈಲಿಗಿಂತ ವಿಚಿತ್ರ ಶಿಕ್ಷೆ. ಜೈಲಿನಲ್ಲಿ ಜೊತೆಗೆ ಜನರಾದರೂ ಇರುತ್ತಾರೆ.

ಬಿಡುಗಡೆಯಾದಾಗ ನೌಕರಿ ಹೋಗಿತ್ತು. ಸರ್ಕಾರಿ ಶಾಲೆಯ ಮಾತು ಬಿಡಿ, ಸರ್ಕಾರದ ಅನುದಾನ ನೆಚ್ಚಿಕೊಂಡ ಖಾಸಗಿ ಶಾಲೆಗೂ ರಾಜದ್ರೋಹದ ಹಣೆಪಟ್ಟಿ ಹೊತ್ತ ಮಾಸ್ತರನ್ನು ಇಟ್ಟುಕೊಳ್ಳುವುದು ಅಪಾಯದ ವಿಷಯ. ವಯಸ್ಸು ಆಗಲೇ ಮೂವತ್ತೇಳರ ಹತ್ತಿರ. ಮನೆಯಲ್ಲಿ ದುಃಖದ ಮೇಲೆ ದುಃಖ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಕೊನೆಗೆ ಉಳಿದವರು ಮೂವರು. ಹೊಸ ಅರ್ಹತೆಯಾದರೂ ಇರಲೆಂದೋ ಏನೋ, 1935ರಲ್ಲಿ, ತಮ್ಮ ಮಾಜಿ ವಿದ್ಯಾರ್ಥಿಗಳ ವಯಸ್ಸಿನವರು ಪರೀಕ್ಷೆ ಕಟ್ಟುವ ಎಂ.ಎ. ಪದವಿಯನ್ನು ಅವರೂ ಪಡೆದರು. ನೆಲೆಯಾದ ಕೆಲಸ ಆಗಲೂ ಸಿಗಲಿಲ್ಲ. 1937ರಲ್ಲಿ ಬಂದ ‘ಸಖೀಗೀತ’ದಲ್ಲಿ ಈ ಬದುಕಿನ ಬೇಗೆಯೆಲ್ಲ ಇದೆ. ಆ ಕಾವ್ಯವನ್ನು ದಾಂಪತ್ಯದ ಗೀತೆ ಎಂದಷ್ಟೇ ಓದುವವರು, ಅದನ್ನು ಬರೆದಾಗ ಕವಿಗೆ ತಿಂಗಳ ಸಂಬಳವಿರಲಿಲ್ಲ ಎಂಬುದನ್ನೂ ಸೇರಿಸಿ ಓದಬೇಕು.

ಮಾಸ್ತರು ಹೀಗೆ ದಣಿದು ಕುಳಿತಾಗ ಹಾಜರಿ ಪುಸ್ತಕವಿಲ್ಲದ ಆ ವರ್ಗ ಚದುರಲಿಲ್ಲ. 1933ರಲ್ಲಿ ಜಿ.ಬಿ. ಜೋಶಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಬೇಂದ್ರೆ, ಗೋಕಾಕ, ಮುಗಳಿ ಅದರ ಸಲಹೆಗಾರರು. ಶಾಲೆ ಬೇಡವೆಂದ ಮಾಸ್ತರಿಗೆ ಪುಸ್ತಕಗಳ ಕೆಲಸದಲ್ಲಿ ಒಂದು ಕುರ್ಚಿ ಸಿಕ್ಕಿತು. ಸಂಬಳ ಸಿಕ್ಕಿತೆಂದು ಇದರ ಅರ್ಥವಲ್ಲ. ಕನ್ನಡ ಪ್ರಕಾಶನದ ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಗ್ರಂಥಮಾಲೆಯ ಅಟ್ಟ ಮುಂದೆ ಹೊಸಬರ ಪಾಠಶಾಲೆಯೇ ಆಯಿತು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ.

ಪದವಿಯಿಲ್ಲದ ಶಂಬಾ ಮುಂದೆ 1970ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಗುಂಪಿನ ಕಿರಿಯ ಗೋಕಾಕರಿಗೆ 1990ನೇ ಸಾಲಿನ ಜ್ಞಾನಪೀಠ ಬಂತು; ಬೇಂದ್ರೆಯವರಿಗೆ ಅದು ‘ನಾಕು ತಂತಿ’ಗಾಗಿ 1973ರ ಸಾಲಿನಲ್ಲೇ ಬಂದಿತ್ತು.

1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ನಾಡು ಬೇಂದ್ರೆಯವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ನೆಲೆಯಾದ ಮಾಸ್ತರಿಕೆ ಸಿಕ್ಕಿದ್ದು ಅದರ ಮರುವರ್ಷ, ನಲವತ್ತೆಂಟನೆಯ ವಯಸ್ಸಿನಲ್ಲಿ. ಅದೂ ಧಾರವಾಡದಲ್ಲಲ್ಲ, ಮರಾಠಿಯ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ, ಕನ್ನಡ ಪ್ರಾಧ್ಯಾಪಕರಾಗಿ. ಕನ್ನಡ ಕವಿತೆ ಬರೆದು ಕೆಲಸ ಕಳೆದುಕೊಂಡವರಿಗೆ ಕನ್ನಡ ಕಲಿಸುವ ಕೆಲಸವನ್ನು ಆ ಊರು ಕೊಟ್ಟಿತು. ಅಲ್ಲಿ ಅವರು ಹನ್ನೆರಡು ವರ್ಷ ಪಾಠ ಹೇಳಿದರು. 1956ರಲ್ಲಿ ಅವರು ಧಾರವಾಡಕ್ಕೆ ಮರಳಿದರು. ಆಕಾಶವಾಣಿ ಕೇಂದ್ರದ ಸಲಹೆಗಾರರಾದರು. ಅದೇ ವರ್ಷದ ನವೆಂಬರ್ 1ರಂದು ಧಾರವಾಡವೂ ಬೆಳಗಾವಿಯೂ, ಜೈಲು ಸಹಿತ ಹಿಂಡಲಗಾವೂ, ಹೊಸ ಮೈಸೂರು ರಾಜ್ಯಕ್ಕೆ ಸೇರಿದವು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು.